ಪೆಟ್ರೋಲ್ ತಂದವರು ಯಾರು? – ರೆಡ್ ಬಾಲ್ ಎಕ್ಸ್‌ಪ್ರೆಸ್‌ನ ಕಪ್ಪು ಡ್ರೈವರ್‌ಗಳ ಕಥೆ

ಇದು ಸ್ವಲ್ಪ ಉದ್ದದ ಪೋಸ್ಟು. ಬಸ್ಸಲ್ಲೋ ಊಟದ ಟೈಮಲ್ಲೋ ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ಒಂದು ಭಾನುವಾರ ನಾನು, ನಮ್ಮಪ್ಪ ಟೀವಿ ಮುಂದೆ ಕೂತಿದ್ವಿ. 'ಪ್ಯಾಟನ್' ಅಂತ 1970ರ ಇಂಗ್ಲಿಷ್ ಸಿನಿಮಾ ಬರ್ತಿತ್ತು. ಎರಡನೇ ಮಹಾಯುದ್ಧದ ಅಮೆರಿಕನ್ ಜನರಲ್ ಒಬ್ಬನ ಕಥೆ. ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಆದ್ರೆ ತೆರೆ ಮೇಲೆ ದೊಡ್ಡ ಗಾಡಿ ಬಂದ್ರೆ ಸಾಕು, ಕಣ್ಣು ಕೀಳಲ್ಲ. ಮೂವತ್ತೆರಡು ವರ್ಷ ಲಾರಿ ಓಡಿಸಿದ ಮನುಷ್ಯ. ಸಿನಿಮಾದಲ್ಲಿ ಒಂದು ಕಡೆ ಟ್ಯಾಂಕುಗಳು ಪೆಟ್ರೋಲ್ ಇಲ್ಲದೆ ನಿಂತುಬಿಡ್ತವೆ. ಅದನ್ನ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಅಲ್ಲೀಗಂಟ ಪೆಟ್ರೋಲ್ ತಂದು ಕೊಟ್ಟೋರು ಯಾರು?"

ಡ್ರೈವರ್ ಆದವನಿಗೆ ಮಾತ್ರ ಹೊಳೆಯೋ ಪ್ರಶ್ನೆ ಇದು. ನಾವು ಓದಿದೋರು ಜನರಲ್ ಯಾರು, ಗೆದ್ದೋರು ಯಾರು ಅಂತ ಕೇಳ್ತೀವಿ. ಅವತ್ತು ಅಪ್ಪನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದ್ದೀನಿ.

ಪೆಟ್ರೋಲ್ ತಂದವರು ಕಪ್ಪು ಜನ. ಅಮೆರಿಕದ ಆಫ್ರಿಕನ್ ಮೂಲದ ಸೈನಿಕರು. ಅವರು ಓಡಿಸಿದ ಲಾರಿಗಳ ಸಾಲಿಗೆ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಅಂತ ಹೆಸರು. ಅಮೆರಿಕದ ರೈಲ್ವೆಯಲ್ಲಿ ತುರ್ತು ಸರಕಿಗೆ 'ರೆಡ್ ಬಾಲ್' ಅನ್ನೋರು, ಅಂದ್ರೆ ದಾರಿ ಬಿಡಿ, ಇದು ಮೊದಲು ಹೋಗಬೇಕು ಅಂತ. ಹೆಸರು ಅಲ್ಲಿಂದ ಬಂತು.

1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ಇಳಿದವು. ಇದು ಎಲ್ಲರಿಗೂ ಗೊತ್ತಿರೋ ಕಥೆ. ಆಮೇಲೆ ಸುಮಾರು ಏಳು ವಾರ ಅವರು ತೀರದ ಹತ್ತಿರಾನೇ ಸಿಕ್ಕಿಹಾಕಿಕೊಂಡಿದ್ರು ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ಜುಲೈ ಕೊನೆಗೆ ಜರ್ಮನ್ನರ ಸಾಲು ಮುರೀತು. ಮುರಿದ ಮೇಲೆ ಟ್ಯಾಂಕುಗಳು ಓಡಿದ ಓಟ ಯಾವ ಅಧಿಕಾರಿಯ ಲೆಕ್ಕಕ್ಕೂ ಸಿಗಲಿಲ್ಲ. ಆಗಸ್ಟ್ 25ಕ್ಕೆ ಪ್ಯಾರಿಸ್ಸೇ ಕೈಗೆ ಬಂತು.

ತೊಂದರೆ ಶುರುವಾಗಿದ್ದು ಅಲ್ಲೇ. ಜರ್ಮನ್ನರಿಗೆ ಅನುಕೂಲ ಆಗಬಾರದು ಅಂತ ಫ್ರಾನ್ಸಿನ ರೈಲು ಹಳಿ, ಸೇತುವೆಗಳನ್ನ ಮಿತ್ರಪಡೆಗಳ ವಿಮಾನಗಳೇ ಮೊದಲು ಬಾಂಬು ಹಾಕಿ ಹಾಳು ಮಾಡಿದ್ವು. ಈಗ ಅದೇ ರೈಲು ತಮಗೇ ಬೇಕಾಯ್ತು. ಷೆರ್ಬೂರ್ ಬಂದರು ಸಿಕ್ಕಿತ್ತು, ಆದರೆ ಜರ್ಮನ್ನರು ಬಿಟ್ಟು ಹೋಗುವಾಗ ಅದನ್ನ ಕೆಡವಿ ಹೋಗಿದ್ರು. ಸಾಮಾನೆಲ್ಲ ಕಡಲತೀರದಲ್ಲಿ ಗುಡ್ಡೆ ಬಿದ್ದಿತ್ತು, ಸೈನ್ಯ ನೂರಾರು ಮೈಲಿ ಮುಂದೆ. ಒಂದು ಡಿವಿಜನ್‌ಗೆ ದಿನಕ್ಕೆ ಸುಮಾರು 700 ಟನ್ ಸಾಮಾನು ಬೇಕು. ಆಗ ಮುನ್ನುಗ್ಗುತ್ತಿದ್ದದ್ದು 28 ಡಿವಿಜನ್. ಗುಣಿಸಿ ನೋಡಿ, ದಿನಕ್ಕೆ ಇಪ್ಪತ್ತು ಸಾವಿರ ಟನ್ ಹತ್ತಿರ ಹೋಗುತ್ತೆ. ಪೆಟ್ರೋಲು, ಗುಂಡು, ಮದ್ದು, ಊಟ, ಬೂಟು, ಬ್ಯಾಂಡೇಜು.

ಪ್ಯಾರಿಸ್ ಬಿಡುಗಡೆಯಾದ ದಿನವೇ, ಆಗಸ್ಟ್ 25ಕ್ಕೆ, ರೆಡ್ ಬಾಲ್ ಎಕ್ಸ್‌ಪ್ರೆಸ್ ಶುರುವಾಯ್ತು. ಪ್ಯಾರಿಸ್ಸಲ್ಲಿ ಜನ ಸೈನಿಕರಿಗೆ ಹೂವು, ವೈನು, ಮುತ್ತು ಕೊಡ್ತಿದ್ದ ಫೋಟೋ ನೋಡಿರ್ತೀರಿ. ಅದೇ ಹೊತ್ತಿಗೆ ಇತ್ತ ಸೇಂಟ್ ಲೋ ಅನ್ನೋ ಪುಡಿಪುಡಿಯಾಗಿದ್ದ ಊರಿಂದ ಶಾರ್ತ್ರ್ ಕಡೆಗೆ ಲಾರಿಗಳು ಹೊರಟಿದ್ವು. ಎರಡು ಸಮಾನಾಂತರ ರಸ್ತೆಗಳು. ಒಂದರಲ್ಲಿ ಲೋಡ್ ಗಾಡಿ ಹೋಗೋದು, ಇನ್ನೊಂದರಲ್ಲಿ ಖಾಲಿ ಗಾಡಿ ವಾಪಸ್ ಬರೋದು. ಎರಡೂ ಒನ್ ವೇ, ಬೇರೆ ಯಾರ ವಾಹನಕ್ಕೂ ಪ್ರವೇಶ ಇಲ್ಲ. ದಾರಿಯುದ್ದಕ್ಕೂ ಕೆಂಪು ಚೆಂಡಿನ ಗುರುತಿನ ಬೋರ್ಡು. ಹಗಲು ರಾತ್ರಿ ಅನ್ನದೆ ಇಪ್ಪತ್ನಾಲ್ಕು ಗಂಟೆ ಓಟ. ಸೈನ್ಯ ಮುಂದೆ ಹೋದ ಹಾಗೆಲ್ಲ ದಾರೀನೂ ಉದ್ದ ಆಗ್ತಾ ಹೋಯ್ತು.

ಗಾಡಿ ಬಗ್ಗೆ ಹೇಳಲೇಬೇಕು, ಇಲ್ಲಾಂದ್ರೆ ಅಪ್ಪ ಬೈತಾರೆ. ಹೆಚ್ಚಾಗಿ ಓಡಿದ್ದು ಜಿಎಂಸಿ ಕಂಪನಿಯ ಎರಡೂವರೆ ಟನ್ ಲಾರಿ. ಮಾಡೆಲ್ ಹೆಸರು ಸಿಸಿಕೆಡಬ್ಲ್ಯು. ಅದು ಬಾಯಿಗೆ ಬರಲ್ಲ ಅಂತ ಸೈನಿಕರು 'ಜಿಮ್ಮಿ' ಅಂದ್ರು. ಮೂತಿ ಮುಂದೆ ಚಾಚಿಕೊಂಡಿರೋ ಹಳೇ ಕಾಲದ ಗಾಡಿ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಐದು ಗೇರು. ಮುಂದೆ ಒಂದು, ಹಿಂದೆ ಎರಡು, ಒಟ್ಟು ಮೂರು ಆಕ್ಸಲ್. ಮೂರಕ್ಕೂ ಎಂಜಿನ್ ಶಕ್ತಿ ಹೋಗುತ್ತೆ, ಹಾಗಾಗಿ ಕೆಸರಲ್ಲಿ ಸಿಕ್ಕಿದ್ರೂ ಎದ್ದು ಬರುತ್ತೆ. ಈ ಒಂದೇ ಮಾಡೆಲನ್ನ ಯುದ್ಧ ಮುಗಿಯೋ ಹೊತ್ತಿಗೆ ಐದೂವರೆ ಲಕ್ಷಕ್ಕೂ ಜಾಸ್ತಿ ಮಾಡಿದ್ರು. ಡಬಲ್ ಕ್ಲಚ್ ಹಾಕಿ ಗೇರ್ ಬದಲಿಸಬೇಕಾದ ಗಾಡಿ. ಅಂದ್ರೆ ಒಂದು ಸಲ ಕ್ಲಚ್ ಒತ್ತಿ ನ್ಯೂಟ್ರಲ್, ಎಂಜಿನ್ ವೇಗ ಹೊಂದಿಸಿ ಇನ್ನೊಂದು ಸಲ ಒತ್ತಿ ಗೇರು. ಪವರ್ ಸ್ಟೀರಿಂಗ್ ಇಲ್ಲವೇ ಇಲ್ಲ. ಹಳೇ ಟಾಟಾ ಮರ್ಸಿಡಿಸ್ ಓಡಿಸಿದ ನಮ್ಮಪ್ಪನ ವಯಸ್ಸಿನೋರಿಗೆ ಭುಜ ಯಾಕೆ ನೋಯುತ್ತೆ ಅಂತ ಕೇಳಿ, ಅವರು ಹೇಳ್ತಾರೆ.

ಎರಡೂವರೆ ಟನ್ ಲಾರಿ ಅಂತ ಹೆಸರಿಗೆ. ರಸ್ತೆ ಮೇಲೆ ಅದರ ಎರಡರಷ್ಟು ಹೇರೋಕೆ ಸೈನ್ಯವೇ ಒಪ್ಪಿಗೆ ಕೊಟ್ಟಿತ್ತು. ಓವರ್‌ಲೋಡ್ ಅನ್ನೋದು ನಮ್ಮ ಆರ್‌ಟಿಓಗಳು ಕಂಡುಹಿಡಿದ ಮಾತಲ್ಲ.

ರೂಲ್ಸು ಪುಸ್ತಕದಲ್ಲಿ ಚೆನ್ನಾಗಿದ್ವು. ಗಂಟೆಗೆ 25 ಮೈಲಿ, ಅಂದ್ರೆ 40 ಕಿಲೋಮೀಟರ್ ಮೀರಬಾರದು. ಗಾಡಿಗೂ ಗಾಡಿಗೂ 60 ಗಜ ಅಂತರ ಇರಬೇಕು. ಒಬ್ಬೊಬ್ಬನೇ ಹೋಗಬಾರದು, ಸಾಲಲ್ಲೇ ಹೋಗಬೇಕು. ಆದರೆ ಮುಂದೆ ಟ್ಯಾಂಕು ಖಾಲಿ ನಿಂತಿರುವಾಗ 40ರಲ್ಲಿ ಯಾರು ಹೋಗ್ತಾರೆ? ಎಂಜಿನ್ ಸ್ಪೀಡು ಕಟ್ಟಿಹಾಕೋಕೆ ಕಾರ್ಬುರೇಟರಿಗೆ ಗವರ್ನರ್ ಅಂತ ಒಂದು ಸಾಮಾನು ಕೂರಿಸಿದ್ರು. ಹುಡುಗರು ಅದನ್ನ ಕಿತ್ತು ಹಾಕಿ ಓಡಿಸ್ತಿದ್ರು, ಸಾಹೇಬರು ಚೆಕ್ಕಿಂಗಿಗೆ ಬಂದಾಗ ವಾಪಸ್ ಕೂರಿಸ್ತಿದ್ರು. ಇದನ್ನ ಹೇಳಿದಾಗ ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ತಾವೂ ಏನೋ ಮಾಡಿದ್ರು ಅನ್ಸುತ್ತೆ, ಹೇಳಲಿಲ್ಲ.

ರಾತ್ರಿ ಓಟ ಬೇರೇನೇ ಕಥೆ. ಶತ್ರು ವಿಮಾನಕ್ಕೆ ಕಾಣಬಾರದು ಅಂತ ಯುದ್ಧಭೂಮಿ ಹತ್ತಿರ ಹೆಡ್‌ಲೈಟ್ ಹಾಕಂಗಿಲ್ಲ. ಬೆಕ್ಕಿನ ಕಣ್ಣಿನಂಥ ಸಣ್ಣ ದೀಪ ಮಾತ್ರ. ಆ ಬೆಳಕಲ್ಲಿ ಮುಂದಿನ ಗಾಡಿಯ ಬೆನ್ನು ಕಾಣುತ್ತೆ, ರಸ್ತೆ ಕಾಣಲ್ಲ. ಒಂದು ಗಾಡಿಗೆ ಇಬ್ಬರು ಡ್ರೈವರು. ನಿಲ್ಲಿಸಿ ಸೀಟು ಬದಲಿಸಿದ್ರೆ ಸಾಲು ಕಡಿಯುತ್ತೆ ಅಂತ, ಓಡ್ತಿರೋ ಗಾಡಿಯಲ್ಲೇ ಒಬ್ಬ ಸರಿದು ಇನ್ನೊಬ್ಬ ಸ್ಟೀರಿಂಗ್ ಹಿಡೀತಿದ್ದ. ನಿದ್ದೆಗೆಟ್ಟು ನಿದ್ದೆಗೆಟ್ಟು ಗಾಡಿ ಹಳ್ಳಕ್ಕೆ ಹೋಗಿದ್ದೂ ಇದೆ. ಹಿಂದೆ ಹೇರಿರೋದು ಪೆಟ್ರೋಲ್ ಡಬ್ಬ ಅಥವಾ ಫಿರಂಗಿ ಗುಂಡು ಅನ್ನೋದನ್ನ ಮರೀಬೇಡಿ. ಆ ಪೆಟ್ರೋಲ್ ಡಬ್ಬದ ಹೆಸರೇ ಜೆರ್ರಿ ಕ್ಯಾನ್. ಜರ್ಮನ್ನರಿಗೆ ಸೈನಿಕರು ಇಟ್ಟ ಅಡ್ಡಹೆಸರು ಜೆರ್ರಿ, ಡಬ್ಬದ ಡಿಸೈನೂ ಜರ್ಮನ್ನರದ್ದೇ. ನಮ್ಮ ಮನೆಗಳಲ್ಲಿ ನೀರು ತುಂಬೋ ಜೆರ್ರಿ ಕ್ಯಾನಿಗೂ ಇದೇ ಹೆಸರು ಉಳ್ಕೊಂಡಿದೆ.

ನಾನು ಗುಮಾಸ್ತ, ಲೆಕ್ಕ ಬರೀದೆ ಸಮಾಧಾನ ಇಲ್ಲ. ಆಗಸ್ಟ್ 29ಕ್ಕೆ, ಶುರುವಾಗಿ ನಾಲ್ಕು ದಿನಕ್ಕೇ, 132 ಲಾರಿ ಕಂಪನಿಗಳ 5,958 ವಾಹನಗಳು ಒಂದೇ ದಿನ 12,342 ಟನ್ ಸಾಗಿಸಿದ್ವು. ನವೆಂಬರ್ 16ಕ್ಕೆ ಈ ದಾರಿ ನಿಂತಿತು. ಅಷ್ಟರಲ್ಲಿ ಒಟ್ಟು 4,12,193 ಟನ್. ನಮ್ಮಪ್ಪನ ಹತ್ತು ಟನ್ ಲಾರಿಗೆ ಅದು ನಲವತ್ತೊಂದು ಸಾವಿರಕ್ಕೂ ಮೇಲೆ ಲೋಡು. ಈ ಲಾರಿಗಳೇ ದಿನಕ್ಕೆ ಮೂರು ಲಕ್ಷ ಗ್ಯಾಲನ್, ಅಂದ್ರೆ ಹನ್ನೊಂದು ಲಕ್ಷ ಲೀಟರಿಗೂ ಜಾಸ್ತಿ ಪೆಟ್ರೋಲ್ ಕುಡೀತಿದ್ವು. ಪೆಟ್ರೋಲ್ ತರೋಕೆ ಪೆಟ್ರೋಲ್ ಸುಡೋದು. ಎಷ್ಟು ಓಡಿದ್ರೂ ಸಾಲಲಿಲ್ಲ, ಆಗಸ್ಟ್ ಕೊನೆಗೆ ಪ್ಯಾಟನ್‌ನ ಟ್ಯಾಂಕು ನಿಂತಿದ್ದು ಅದಕ್ಕೇ. ಆದ್ರೆ ಈ ಲಾರಿಗಳು ಇಲ್ಲದಿದ್ದಿದ್ರೆ ಟ್ಯಾಂಕುಗಳು ಅಲ್ಲೀಗಂಟ ಬರ್ತಾನೇ ಇರಲಿಲ್ಲ.

ಎಲ್ಲರೂ ಸತ್ಯಹರಿಶ್ಚಂದ್ರರಾಗಿದ್ರು ಅಂತ ನಾನು ಹೇಳಲ್ಲ. ಪೆಟ್ರೋಲು, ಸಿಗರೇಟು ಪ್ಯಾರಿಸ್ಸಿನ ಕಾಳಸಂತೆಗೆ ಹೋಗಿದ್ದೂ ದಾಖಲೆಯಲ್ಲಿದೆ. ಆ ಕಳ್ಳತನದಲ್ಲಿ ಬಿಳಿಯರೂ ಇದ್ರು, ಕಪ್ಪು ಜನರೂ ಇದ್ರು.

ಈಗ ನಿಜವಾದ ಲೆಕ್ಕಕ್ಕೆ ಬರ್ತೀನಿ. ಆಗಿನ ಇಡೀ ಅಮೆರಿಕನ್ ಸೈನ್ಯದಲ್ಲಿ ಕಪ್ಪು ಜನ ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ. ರೆಡ್ ಬಾಲ್ ಡ್ರೈವರುಗಳಲ್ಲಿ ನಾಲ್ಕರಲ್ಲಿ ಮೂರು ಜನ ಕಪ್ಪು. ಇದು ಹೇಗಾಯ್ತು? ಲಾರಿ ಓಡಿಸೋದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆಯಾ? ಅಲ್ಲ. ಎಷ್ಟೋ ಹುಡುಗರು ಅದಕ್ಕೆ ಮೊದಲು ಸ್ಟೀರಿಂಗ್ ಮುಟ್ಟಿರಲೇ ಇಲ್ಲ, ಅಲ್ಲೇ ಕೆಲವೇ ದಿನದಲ್ಲಿ ಕಲಿತರು.

ಉತ್ತರ ಒಂದು ವರದಿಯಲ್ಲಿದೆ. 1925ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜು, ಯುದ್ಧದಲ್ಲಿ ಕಪ್ಪು ಜನರನ್ನ ಹೇಗೆ ಬಳಸಬೇಕು ಅಂತ ಒಂದು ಅಧ್ಯಯನ ಮಾಡ್ತು. ಇವರ ಮೆದುಳು ಚಿಕ್ಕದು, ಧೈರ್ಯ ಕಮ್ಮಿ, ಬಿಳಿ ಅಧಿಕಾರಿ ಮೇಲಿದ್ರೆ ಮಾತ್ರ ಕೆಲಸ ಮಾಡ್ತಾರೆ ಅನ್ನೋ ಅರ್ಥದಲ್ಲಿ ಬರೆದಿಟ್ಟರು. ವಿಜ್ಞಾನದ ಹೆಸರಲ್ಲಿ ಬರೆದ ಮನುಸ್ಮೃತಿ ಅದು. ಅದರ ಪ್ರಕಾರವೇ ಸೈನ್ಯ ನಡೀತು. ಬಂದೂಕು ಬಿಳಿಯರಿಗೆ. ಹಡಗಿನಿಂದ ಮೂಟೆ ಇಳಿಸೋದು, ಅಡುಗೆ, ಬಟ್ಟೆ ಒಗೆಯೋದು, ಹೆಣ ಹೂಳೋದು, ಲಾರಿ ಓಡಿಸೋದು ಕಪ್ಪು ಜನರಿಗೆ. ಪಡೆಗಳೇ ಬೇರೆ ಬೇರೆ, ಕಪ್ಪು ಪಡೆಗಳ ಮೇಲೂ ಹೆಚ್ಚಿನ ಅಧಿಕಾರಿಗಳು ಬಿಳಿಯರು. ರೆಡ್ ಕ್ರಾಸ್‌ನವರು ಕಪ್ಪು ಜನರ ರಕ್ತವನ್ನೂ ಬೇರೆ ಬಾಟಲಿಯಲ್ಲಿ ಇಡ್ತಿದ್ರು. ಗಾಯಾಳುವಿಗೆ ಹಾಕೋ ರಕ್ತಕ್ಕೂ ಮಡಿ.

ಮೊದಲು ಹೊರೋ ಕೆಲಸಕ್ಕೆ ಹಾಕೋದು, ಆಮೇಲೆ 'ಇವರು ಹೊರೋದು ಬಿಟ್ಟು ಇನ್ನೇನು ಮಾಡಿದ್ದಾರೆ' ಅಂತ ಕೇಳೋದು. ಈ ಆಟ ನಮಗೆ ಹೊಸದಲ್ಲ.

ನಮ್ಮಲ್ಲೂ ಅದೇ ಆಗಿತ್ತು. ಬ್ರಿಟಿಷರ ಸೈನ್ಯದಲ್ಲಿ ತಲೆಮಾರುಗಟ್ಟಲೆ ಹೋರಾಡಿದ ಮಹಾರರನ್ನ 1890ರ ದಶಕದಲ್ಲಿ 'ಇವರು ವೀರ ಜನಾಂಗ ಅಲ್ಲ' ಅಂತ ಭರ್ತಿ ನಿಲ್ಲಿಸಿ ಹೊರಗೆ ಹಾಕಿದ್ರು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಅದೇ ಸೈನ್ಯದ ಸುಬೇದಾರರು. ಮೊದಲ ಮಹಾಯುದ್ಧದಲ್ಲಿ ಆಳು ಬೇಕಾದಾಗ ಮತ್ತೆ ಒಂದು ಮಹಾರ್ ಪಡೆ ಕಟ್ಟಿದ್ರು, ಕೆಲಸ ಮುಗಿದ ಮೇಲೆ 1921ರಲ್ಲಿ ಬರಖಾಸ್ತು ಮಾಡಿದ್ರು. ಬಾಬಾಸಾಹೇಬರು ಬೆನ್ನು ಹತ್ತಿದ ಮೇಲೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದ್ರು, ಅದನ್ನ ಯುದ್ಧ ಮುಗಿದ ಮೇಲೆ 1946ರಲ್ಲಿ ಮುಚ್ಚಿದ್ರು.

ಇನ್ನೊಂದು ವಿಷಯ. ಜಿಮ್ಮಿ ಲಾರಿ ನಮ್ಮ ದೇಶದ ಮಣ್ಣಲ್ಲೂ ಓಡಿದೆ. ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡು ಸೀಳಿ ಚೀನಾಕ್ಕೆ ಅಮೆರಿಕನ್ನರು ಒಂದು ರಸ್ತೆ ಮಾಡಿದ್ರು. 1942ರ ಡಿಸೆಂಬರಿನಲ್ಲಿ ಕೆಲಸ ಶುರು. ಅಲ್ಲಿ ದುಡಿದ ಸುಮಾರು 15,000 ಅಮೆರಿಕನ್ ಸೈನಿಕರಲ್ಲಿ ಶೇಕಡಾ 60ರಷ್ಟು ಕಪ್ಪು ಜನ. ಅವರ ಜೊತೆ ಸಾವಿರಾರು ಸ್ಥಳೀಯ ಕೂಲಿಗಳು. ಮಳೆ, ಮಲೇರಿಯಾ, ಗುಡ್ಡ ಕುಸಿತ, ಅಪಘಾತದಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. 1945ರ ಜನವರಿ 12ಕ್ಕೆ ಲೇಡೋದಿಂದ ಹೊರಟ ಮೊದಲ ಲಾರಿ ಸಾಲು ಫೆಬ್ರವರಿ 4ಕ್ಕೆ ಕುನ್‌ಮಿಂಗ್ ಮುಟ್ಟಿತು. ಇದರ ಬಗ್ಗೆ ಇನ್ನೊಂದು ಸಲ ಬರೀತೀನಿ, ಅದೇ ಒಂದು ದೊಡ್ಡ ಕಥೆ.

ಫ್ರಾನ್ಸಿಗೆ ವಾಪಸ್ ಬರೋಣ. 1944ರ ಡಿಸೆಂಬರಿನಲ್ಲಿ ಜರ್ಮನ್ನರು ಆರ್ಡೆನ್ ಕಾಡಿನಲ್ಲಿ ತಿರುಗಿ ಬಿದ್ದರು. ಬಿಳಿ ಸೈನಿಕರು ಸಾವಿರಗಟ್ಟಲೆ ಸತ್ತರು, ಬಂದೂಕು ಹಿಡಿಯೋಕೆ ಜನ ಸಾಲದು. ಆಗ ಸೈನ್ಯಕ್ಕೆ 1925ರ ವರದಿ ಮರೆತುಹೋಯ್ತು. ಲಾರಿ ಪಡೆ, ಮೂಟೆ ಇಳಿಸೋ ಪಡೆಗಳಲ್ಲಿರೋ ಕಪ್ಪು ಸೈನಿಕರು ಇಷ್ಟ ಇದ್ರೆ ಯುದ್ಧಕ್ಕೆ ಬರಬಹುದು ಅಂತ ಕರೆ ಕೊಟ್ಟರು. ಒಂದು ಷರತ್ತು: ಸಾರ್ಜೆಂಟ್ ಆಗಿದ್ದವನು ತೋಳಿನ ಪಟ್ಟಿ ಕಿತ್ತುಕೊಟ್ಟು ಸಾದಾ ಸಿಪಾಯಿಯಾಗಿ ಬರಬೇಕು. ಇಲ್ಲಾಂದ್ರೆ ಕಪ್ಪು ಸಾರ್ಜೆಂಟ್ ಬಿಳಿ ಸಿಪಾಯಿಗೆ ಆರ್ಡರ್ ಮಾಡೋ ಪ್ರಸಂಗ ಬರುತ್ತಲ್ಲ. ನಮ್ಮ ಆಫೀಸುಗಳಲ್ಲಿ ಪ್ರಮೋಶನ್ ಬಂದಾಗ ಕೆಲವರ ಮುಖ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹೀಗಿದ್ರೂ ಸುಮಾರು 4,500 ಜನ ಹೆಸರು ಕೊಟ್ಟರು. ಸುಮಾರು 2,200 ಜನರನ್ನ ತಗೊಂಡರು. ಸಂಬಳ, ಪದವಿ ಎರಡೂ ಬಿಟ್ಟು ಹೋದವರು ಅವರು. ಚೆನ್ನಾಗಿ ಹೋರಾಡಿದರು. ಯುದ್ಧ ಮುಗಿದ ತಕ್ಷಣ ಮತ್ತೆ ಪ್ರತ್ಯೇಕ ಪಡೆಗಳಿಗೆ ಅಟ್ಟಿದರು.

ಮನೆ ಕಡೆ ಪರಿಸ್ಥಿತಿ ಹೇಗಿತ್ತು? ಕಾರ್ಪೊರಲ್ ರೂಪರ್ಟ್ ಟ್ರಿಮಿಂಗ್‌ಹ್ಯಾಮ್ ಅಂತ ಒಬ್ಬ ಕಪ್ಪು ಸೈನಿಕ. 1944ರಲ್ಲಿ ಸೈನ್ಯದ 'ಯಾಂಕ್' ಪತ್ರಿಕೆಗೆ ಒಂದು ಪತ್ರ ಬರೆದ. ಅವನು, ಇನ್ನೂ ಎಂಟು ಜನ ಕಪ್ಪು ಸೈನಿಕರು ಲೂಸಿಯಾನಾ ರಾಜ್ಯದಲ್ಲಿ ಪ್ರಯಾಣ ಮಾಡ್ತಿದ್ರು. ಎಲ್ಲೂ ಒಂದು ಕಪ್ ಕಾಫಿ ಹುಟ್ಟಲಿಲ್ಲ. ಕೊನೆಗೆ ರೈಲ್ವೆ ಸ್ಟೇಷನ್ ಹೋಟೆಲಿನವನು ಹಿಂದಿನ ಅಡುಗೆಮನೆಗೆ ಬಂದ್ರೆ ಕೊಡ್ತೀನಿ ಅಂದ. ಅದೇ ಹೊತ್ತಿಗೆ ಎರಡು ಡಜನ್‌ನಷ್ಟು ಜರ್ಮನ್ ಯುದ್ಧಕೈದಿಗಳನ್ನ ಕಾವಲುಗಾರರು ಕರ್ಕೊಂಡು ಬಂದ್ರು. ಆ ಕೈದಿಗಳು ಮುಂಬಾಗಿಲಿಂದ ಒಳಗೆ ಹೋಗಿ, ಟೇಬಲ್ ಮೇಲೆ ಕೂತು, ಊಟ ಮಾಡಿ, ಸಿಗರೇಟು ಸೇದಿ, ನಗ್ತಾ ಮಾತಾಡಿದ್ರು. ದೇಶದ ಸೈನಿಕರು ಹೊರಗೆ ನಿಂತು ನೋಡಿದ್ರು. ಶತ್ರುವಾದ್ರೂ ಬಿಳಿಯ, ಅವನಿಗೆ ಟೇಬಲ್ಲು.

ಇದನ್ನ ಹೇಳುವಾಗ ಅಪ್ಪ ಟೀವಿ ಕಡೆ ನೋಡ್ತಾನೇ ಇದ್ರು, ಏನೂ ಅನ್ನಲಿಲ್ಲ. ಅವರು ಕ್ಲೀನರ್ ಆಗಿದ್ದ ದಿನಗಳಲ್ಲಿ ಡ್ರೈವರ್ ಹೋಟೆಲ್ ಒಳಗೆ ಉಣ್ಣುವಾಗ ಇವರು ಲಾರಿ ನೆರಳಲ್ಲಿ ತಮ್ಮದೇ ಲೋಟ ಇಟ್ಕೊಂಡು ಕೂರ್ತಿದ್ರು. ಡ್ರೈವರ್ ಆದ ಮೇಲೂ ಒಂದು ಉಳ್ಕೊಂಡಿತ್ತು. ವರ್ಷಕ್ಕೆ 364 ದಿನ ಸ್ಟೀರಿಂಗ್ ಹಿಡಿಯೋ ಕೈ ಅದು, ಆಯುಧಪೂಜೆ ದಿನ ಮಾತ್ರ ಮಾಲೀಕರ ಮನೆಯವರು ಪೂಜೆ ಮುಗಿಸೋಗಂಟ ಗಾಡಿ ಮುಟ್ಟಂಗಿಲ್ಲ. ನಾನು ಆಗ ಚಿಕ್ಕವನು. ಅಪ್ಪ ಯಾಕೆ ಅಷ್ಟು ದೂರ ಹುಣಸೆಮರದ ಕೆಳಗೆ ನಿಂತವ್ರೆ ಅಂತ ನನಗೆ ಅರ್ಥ ಆಗಿರಲಿಲ್ಲ. ಕುಂಬಳಕಾಯಿ ಒಡೆದಾದ ಮೇಲೆ, ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸೋಕೆ ಮಾತ್ರ ಅವರನ್ನ ಕರೆದರು.

ಯುದ್ಧ ಗೆದ್ದು ಬಂದ ಕಪ್ಪು ಸೈನಿಕರಿಗೆ ಸಿಕ್ಕಿದ್ದೇನು? 1946ರ ಫೆಬ್ರವರಿ 12. ಐಸಾಕ್ ವುಡಾರ್ಡ್ ಅಂತ ಒಬ್ಬ ಸಾರ್ಜೆಂಟ್. ಪೆಸಿಫಿಕ್ ಯುದ್ಧದಲ್ಲಿ ಹಡಗಿನ ಸರಕು ಇಳಿಸೋ ಪಡೆಯಲ್ಲಿದ್ದವನು. ಸೈನ್ಯದಿಂದ ಬಿಡುಗಡೆಯಾಗಿ ಕೆಲವೇ ಗಂಟೆ ಆಗಿತ್ತು, ಮೈಮೇಲೆ ಯೂನಿಫಾರಂ ಇನ್ನೂ ಇತ್ತು. ಬಸ್ಸಲ್ಲಿ ಊರಿಗೆ ಹೋಗ್ತಾ ಮೂತ್ರಕ್ಕೆ ನಿಲ್ಲಿಸಿ ಅಂತ ಕೇಳಿದ್ದಕ್ಕೆ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೀತು. ದಕ್ಷಿಣ ಕೆರೊಲಿನಾದ ಒಂದು ಊರಲ್ಲಿ ಪೊಲೀಸ್ ಮುಖ್ಯಸ್ಥ ಅವನನ್ನ ಇಳಿಸಿ, ಲಾಠಿಯಿಂದ ಹೊಡೆದು ಎರಡೂ ಕಣ್ಣು ಶಾಶ್ವತವಾಗಿ ಹಾಳು ಮಾಡಿದ. ಕೇಸು ನಡೀತು. ಬರೀ ಬಿಳಿಯರೇ ಇದ್ದ ಜ್ಯೂರಿ ಆ ಪೊಲೀಸನ್ನ ಬಿಟ್ಟುಬಿಡ್ತು.

ಮೆಡ್ಗರ್ ಎವರ್ಸ್ ನಾರ್ಮಂಡಿ ಕಂಡು ಬಂದವರು. 1946ರಲ್ಲಿ ಮಿಸಿಸಿಪ್ಪಿಯ ಊರಲ್ಲಿ ಓಟು ಹಾಕೋಕೆ ಹೋದ್ರೆ ಬಂದೂಕು ಹಿಡಿದ ಬಿಳಿಯರು ವಾಪಸ್ ಅಟ್ಟಿದರು. ಆಮೇಲೆ ನಾಗರಿಕ ಹಕ್ಕು ಹೋರಾಟದ ದೊಡ್ಡ ನಾಯಕರಾದರು, 1963ರ ಜೂನ್ 12ಕ್ಕೆ ಮನೆ ಮುಂದೇನೇ ಗುಂಡು ಹಾರಿಸಿ ಕೊಂದರು. ಮಾಜಿ ಸೈನಿಕರಿಗೆ ಮನೆ, ಜಮೀನು, ವ್ಯಾಪಾರಕ್ಕೆ ಸರ್ಕಾರ ಗ್ಯಾರಂಟಿ ನಿಲ್ಲೋ ಸಾಲದ ಯೋಜನೆಯೂ ಇತ್ತು. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಲೆಕ್ಕ ಹಾಕಿದಾಗ 3,229 ಸಾಲಗಳಲ್ಲಿ ಕಪ್ಪು ಜನಕ್ಕೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ. ಎರಡು. ನಿಗಮದ ಸಾಲಕ್ಕೆ ಅರ್ಜಿ ಹಿಡ್ಕೊಂಡು ಬ್ಯಾಂಕಿಗೆ ಅಲೆದವರು ಈ ಸಾಲನ್ನ ಇನ್ನೊಂದು ಸಲ ಓದಿ.

ಅದೇ 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದರು. ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆ ಅಂತ ಓದಿ, ನಮ್ಮ ಅಸ್ಪೃಶ್ಯರೂ ಹಾಗೇ ಮಾಡೋ ಯೋಚನೆಯಲ್ಲಿದ್ದಾರೆ, ಅದರ ಪ್ರತಿ ಕಳಿಸಿಕೊಡಿ ಅಂತ ಕೇಳಿದ್ರು. ಡುಬಾಯ್ಸ್ ಉತ್ತರ ಬರೆದರು. 1948ರ ಜುಲೈ 26ಕ್ಕೆ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಬಣ್ಣದ ಭೇದ ಇರಬಾರದು ಅಂತ ಆದೇಶ ಹೊರಡಿಸಿದ. ಅದರ ಹಿಂದೆ ವುಡಾರ್ಡ್‌ನ ಕುರುಡು ಕಣ್ಣುಗಳಿದ್ದವು, ಕಪ್ಪು ಜನ ವರ್ಷಗಟ್ಟಲೆ ಮಾಡಿದ ಚಳವಳಿ ಇತ್ತು.

ಲಾರಿ ಡ್ರೈವರುಗಳ ಬಗ್ಗೆ ಸಿನಿಮಾನೇ ಬರಲಿಲ್ವಾ ಅಂದ್ರೆ, ಬಂತು. 1952ರಲ್ಲಿ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಅಂತಲೇ ಹೆಸರಿಟ್ಟು ತೆಗೆದರು. ಹೀರೋ ಬಿಳಿಯ, ಲಾರಿ ಓಡಿಸೋರಲ್ಲೂ ಹೆಚ್ಚಿನವರು ಬಿಳಿಯರು. ಸಿಡ್ನಿ ಪಾಯ್ಟಿಯರ್ ಒಂದು ಸಣ್ಣ ಪಾತ್ರದಲ್ಲಿ ಇದ್ದಾರೆ. ನಾಲ್ಕರಲ್ಲಿ ಮೂರು ಅನ್ನೋ ಲೆಕ್ಕ ತೆರೆ ಮೇಲೆ ಬರುವಾಗ ತಲೆಕೆಳಗಾಗಿತ್ತು.

ಈಗ ಆ ಜಿಮ್ಮಿ ಲಾರಿಗಳಿಗೆ ಒಳ್ಳೆ ಕಾಲ. ಯುರೋಪು, ಅಮೆರಿಕದಲ್ಲಿ ಹಳೇ ಗಾಡಿ ಹುಚ್ಚಿನವರು ಹುಡುಕಿ ತಂದು, ತುಕ್ಕು ಕೆರೆದು, ಹಸಿರು ಬಣ್ಣ ಬಳಿದು, ಬಿಳಿ ನಕ್ಷತ್ರ ಬರೆದು ಇಟ್ಟಿದ್ದಾರೆ. ಜೂನ್ ತಿಂಗಳು ಬಂದ್ರೆ ನಾರ್ಮಂಡಿಯಲ್ಲಿ ಮೆರವಣಿಗೆ. ಸಿನಿಮಾ ಮುಗಿದ ಮೇಲೆ ಅಂಥದ್ದೇ ಒಂದು ವಿಡಿಯೋ ಮೊಬೈಲಲ್ಲಿ ಅಪ್ಪನಿಗೆ ತೋರಿಸಿದೆ. ಹಳೇ ಯೂನಿಫಾರಂ ಹೊಸದಾಗಿ ಹೊಲಿಸಿಕೊಂಡ ಒಬ್ಬ ದಪ್ಪ ಬಿಳಿಯ ಜಿಮ್ಮಿ ಓಡಿಸ್ತಿದ್ದ. ಅಪ್ಪ ಮೊಬೈಲನ್ನ ಕಿವಿ ಹತ್ತಿರ ಇಟ್ಕೊಂಡು ಎಂಜಿನ್ ಸದ್ದು ಕೇಳಿದ್ರು. ಗೇರ್ ಬದಲಿಸೋವಾಗ ಕಿರ್ರ್ ಅಂತು.

"ಡಬಲ್ ಕ್ಲಚ್ ಹಾಕಕ್ಕೆ ಬರಲ್ಲ ಅವ್ನಿಗೆ" ಅಂದ್ರು.

ಜೈ ಭೀಮ್.